ಮಾವನ ಪಿಕಪ್‌ಗೆ ಬಂದ ಜ್ವರ

ನನ್ನ ಸೋದರಮಾವನಿಗೆ ಜ್ವರ ಬಂದರೆ ಅತ್ತೆಗೂ ಗೊತ್ತಾಗುವುದಿಲ್ಲ. ಅವರ ಪಿಕಪ್‌ಗೆ ಬಂದರೆ ಮಾತ್ರ ಭದ್ರಾವತಿಯಲ್ಲಿ ನಮ್ಮ ನೆಂಟರ ಪೈಕಿ ಒಬ್ಬರೂ ನೆಮ್ಮದಿಯಾಗಿ ಕಾಫಿ ಕುಡಿಯುವಂತಿಲ್ಲ!

ನಿವೃತ್ತರಾದ ಮೇಲೆ ಎಲ್ಲರೂ ವಾಕಿಂಗ್ ಶುರುಮಾಡುತ್ತಾರೆ. ಮಾವ ಹಳೆಯದೊಂದು ಡೀಸೆಲ್ ಪಿಕಪ್ ಕೊಂಡು ಶಾಮಿಯಾನದವರ ಕುರ್ಚಿ ಸಾಗಿಸಲು ಶುರುಮಾಡಿದರು. ಗಾಡಿ ಚೆನ್ನಾಗಿಯೇ ಇತ್ತು. ತಲೆ ಕೆಟ್ಟಿದ್ದು ಮುಳ್ಳಿಗೆ. ಇಂಜಿನ್ ಎಷ್ಟು ಕಾದಿದೆ ಎಂದು ತೋರಿಸುವ ಆ ಮುಳ್ಳು ಸ್ವಲ್ಪ ದೂರ ಮರ್ಯಾದಸ್ಥರ ಹಾಗೆ ನಡುವೆ ನಿಂತಿರುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಕೆಂಪು ಗೆರೆಯತ್ತ ಏರುತ್ತಿತ್ತು. ಮಾವ ಗಾಬರಿಬಿದ್ದು ಗಾಡಿಯನ್ನು ಪಕ್ಕಕ್ಕೆ ಹಾಕುವಷ್ಟರಲ್ಲಿ, ನನಗೇನೂ ಗೊತ್ತಿಲ್ಲಪ್ಪ ಎಂಬಂತೆ ಇಳಿದುಬಿಡುತ್ತಿತ್ತು.

ಗ್ಯಾರೇಜಿಗೆ ಬಿಡಬಹುದಿತ್ತಲ್ಲ ಎನ್ನುತ್ತೀರಾ? ಅದನ್ನು ಅವರೆದುರು ಹೇಳಿ ನೋಡಿ. ಬೇರೆಯವರು ಬಿಚ್ಚಿದರೆ ರೋಗ ಏನೆಂದು ಅವರಿಗೆ ಗೊತ್ತಾಗುತ್ತದೆ, ತನಗೆ ಗೊತ್ತಾಗುವುದಿಲ್ಲ ಎಂಬುದು ಮಾವನ ವಾದ. ಇಂಥ ವಾದಕ್ಕೆ ಉತ್ತರ ಕೊಡುವಷ್ಟು ನಾನು ಓದಿಲ್ಲ.

ಮೊದಲ ಅನುಮಾನ ಥರ್ಮೋಸ್ಟ್ಯಾಟ್ ಮೇಲೆ. ಇಂಜಿನ್‌ನ ನೀರು ಕಾದಾಗ ಬಾಯಿ ತೆರೆದು ಅದನ್ನು ರೇಡಿಯೇಟರ್‌ಗೆ ಬಿಡುವ ಪುಟ್ಟ ಬಾಗಿಲು ಅದು. ಮಾವ ಅದನ್ನು ಬಿಚ್ಚಿ ತಂದು, ತೆರೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಒಲೆಯ ಮೇಲೆ ಬೇಯಿಸಿದರು. ಯಾವುದರಲ್ಲಿ? ಅತ್ತೆ ಹಾಲು ಕಾಯಿಸುವ ಪಾತ್ರೆಯಲ್ಲಿ. ನೀರು ಕುದಿಯುವ ಮೊದಲೇ ಥರ್ಮೋಸ್ಟ್ಯಾಟ್ ಸರಿಯಾಗಿ ಬಾಯಿ ತೆರೆಯಿತು. ಅಷ್ಟರಲ್ಲಿ ಅಡುಗೆಮನೆಗೆ ಬಂದ ಅತ್ತೆಯೂ ತೆರೆದರು. ಥರ್ಮೋಸ್ಟ್ಯಾಟ್ ತಣ್ಣಗಾದ ಮೇಲೆ ಮುಚ್ಚಿಕೊಂಡಿತು.

ಮುಂದಿನ ಪ್ರಯೋಗಕ್ಕೆ ಬಲಿಯಾದವನು ನಾನು. ಶಿವಮೊಗ್ಗದಲ್ಲೊಂದು ಮದುವೆ, ಸುಡು ಬೇಸಿಗೆ, ರೇಷ್ಮೆ ಅಂಗಿ ತೊಟ್ಟು ಮಾವನ ಪಕ್ಕ ಕೂತಿದ್ದೆ. ದಾರಿಯಲ್ಲಿ ಮುಳ್ಳು ಏರಿತು. ಮಾವ ಶಾಂತವಾಗಿ ಹೀಟರ್ ಹಾಕಿದರು. ಹೀಟರ್ ಇಂಜಿನ್‌ನ ಕಾವನ್ನು ಒಳಗೆ ಎಳೆದುಕೊಳ್ಳುತ್ತದಂತೆ, ಇಂಜಿನ್ ತಂಪಾಗುತ್ತದಂತೆ. ಹಾಗೆಯೇ ಆಯಿತು ಅನ್ನಿ. ಇಂಜಿನ್ ತಂಪಾಯಿತು, ನಾನು ಬೆಂದೆ. ಛತ್ರದ ಬಾಗಿಲಲ್ಲಿ ನನ್ನ ಮುಖದ ಮೇಲೆ ಹರಿಯುತ್ತಿದ್ದ ನೀರನ್ನು ನೋಡಿ ಹೆಣ್ಣಿನ ತಂದೆ ನನ್ನ ಕೈ ಹಿಡಿದು, ಹೆಣ್ಣನ್ನು ಕಳಿಸಿಕೊಡುವ ಹೊತ್ತು ಯಾರಿಗಾದರೂ ಕಷ್ಟವೇ ಎಂದು ಸಮಾಧಾನ ಮಾಡಿದರು. ನಾನು ಗಂಡಿನ ಕಡೆಯವನು.

ಕೊನೆಗೂ ರೋಗ ಸಿಕ್ಕಿತು. ಒಂದು ರಬ್ಬರ್ ಪೈಪಿನ ಕ್ಲಿಪ್ ಸಡಿಲವಾಗಿ, ನೀರಿನ ದಾರಿಯಲ್ಲಿ ಗಾಳಿ ಸೇರಿಕೊಂಡಿತ್ತು. ಗಾಳಿಯ ಗುಳ್ಳೆ ಅಡ್ಡ ಬಂದಾಗಲೆಲ್ಲ ಮುಳ್ಳಿನ ಕುಣಿತ. ಮಾವ ಕ್ಲಿಪ್ ಬದಲಿಸಿ, ಪಕ್ಕದ ಮನೆಯವರ ಗೇಟಿನ ಇಳಿಜಾರಿನಲ್ಲಿ ಗಾಡಿಯ ಮೂತಿ ಮೇಲಾಗುವಂತೆ ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ತೆಗೆದು, ತಣ್ಣಗಿದ್ದ ಇಂಜಿನ್ ಚಾಲೂ ಮಾಡಿ ಕೂಲೆಂಟ್ ತುಂಬಿಸಿದರು. ಬುಳುಬುಳು ಎಂದು ಗುಳ್ಳೆ ಹೊರಡುವುದನ್ನು ನನಗೆ ಫೋನಿನಲ್ಲಿ ಕೇಳಿಸಿದರು. ನಾನು ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ. ಪಕ್ಕದ ಮನೆಯವರ ಕಾರು ಗೇಟಿನ ಒಳಗಿತ್ತು.

ಮುಳ್ಳು ನೆಟ್ಟಗಾಯಿತು. ಊರಿಗೆ ಶಾಂತಿ ಬಂತು.

ಆ ವರ್ಷವೇ ಅಮ್ಮನಿಗೆ ಮಂಡಿಯ ಆಪರೇಷನ್ ಆಯಿತು. ಮಂಡಿ ಮಡಿಸುವ ವ್ಯಾಯಾಮ ಮಾಡಿಸಲು ಶಿವಮೊಗ್ಗಕ್ಕೆ ಹೋಗಿಬರಬೇಕು. ಕಾರು ಮಾಡುತ್ತೇನೆಂದರೆ ಅಮ್ಮ ಒಪ್ಪಲಿಲ್ಲ. ತಮ್ಮನ ಗಾಡಿ ಇರುವಾಗ ಬಾಡಿಗೆ ಕಾರು ಯಾಕೆ? ಮಾವ ಪ್ಲಾಸ್ಟಿಕ್ ಸ್ಟೂಲು ಇಟ್ಟು ಅಕ್ಕನನ್ನು ಹತ್ತಿಸಿಕೊಂಡು ಹೋಗತೊಡಗಿದರು. ಹೋದಾಗಲೆಲ್ಲ ಅಮ್ಮ ಬಂದು ಹೇಳುವುದು ಒಂದೇ ಸುದ್ದಿ: ಗಾಡಿ ಮತ್ತೆ ಕಾಯುತ್ತಿದೆ, ದಾರಿಯಲ್ಲಿ ನಿಲ್ಲುತ್ತಿದೆ. ಮಹಾವೈದ್ಯರ ಕೈಗುಣ ಇಷ್ಟೇ ಎಂದುಕೊಂಡು ನಾನು ಒಳಗೊಳಗೇ ನಕ್ಕೆ.

ಒಂದು ಬೆಳಿಗ್ಗೆ ರಜೆ ಹಾಕಿ ನಾನೂ ಹೊರಟೆ. ಅಮ್ಮ ಬಾಗಿಲ ಪಕ್ಕ, ನಾನು ನಡುವೆ, ಮಾವ ಸ್ಟೇರಿಂಗ್‌ನಲ್ಲಿ. ಅರ್ಧ ದಾರಿಗೆ ಬಂದಿದ್ದೆವು. ಅಮ್ಮ ಮಾತು ನಿಲ್ಲಿಸಿ ಸೀರೆಯ ಮೇಲಿಂದಲೇ ಮಂಡಿ ಒತ್ತಿಕೊಳ್ಳುತ್ತಿದ್ದರು. ಮಾವ ಅತ್ತ ಒಮ್ಮೆ ನೋಡಿ, "ಅಯ್ಯೋ, ಏರ್ತಾ ಇದೆಯಲ್ಲ" ಎಂದು ಗೊಣಗಿ, ಎಳನೀರಿನ ಗಾಡಿಯ ಪಕ್ಕ ನೆರಳಲ್ಲಿ ನಿಲ್ಲಿಸಿದರು. ಅವರು ಕೀಲಿ ತಿರುಗಿಸುವ ಮೊದಲು ನಾನು ಮುಳ್ಳು ನೋಡಿದೆ. ಅದು ಸರಿಯಾಗಿ ನಡುವಿನಲ್ಲಿತ್ತು.

ಮಾವ ಸ್ಟೂಲು ಇಟ್ಟು ಅಕ್ಕನನ್ನು ಇಳಿಸಿ, ಹಿಂದಿನಿಂದ ಕುರ್ಚಿಯೊಂದನ್ನು ತಂದು ಕೂರಿಸಿ, ಬಾನೆಟ್ ಎತ್ತಿದರು. ಅಮ್ಮ ಕಾಲು ಉದ್ದಕ್ಕೆ ಚಾಚಿ ಉಸಿರು ಬಿಟ್ಟರು.

ನಾನು ಬಾನೆಟ್ ಮರೆಗೆ ಹೋಗಿ ಮೆಲ್ಲಗೆ ಕೇಳಿದೆ. "ಮಾವ, ಮುಳ್ಳು ಏರೇ ಇಲ್ವಲ್ಲ."

"ಮೆಲ್ಲಗೆ ಮಾತಾಡು ಮಾರಾಯ" ಎಂದರು ಮಾವ. "ಕಾಲು ನೋಯ್ತಿದ್ಯಾ ಅಂತ ಕೇಳಿದ್ರೆ ಅಕ್ಕ ಇಲ್ಲ ಅಂತಾಳೆ. ಹಲ್ಲು ಕಚ್ಕೊಂಡು ಶಿವಮೊಗ್ಗದವರೆಗೂ ಕೂತಿರ್ತಾಳೆ. ಗಾಡಿಗೆ ಆಗ್ತಿಲ್ಲ ಅಂದ್ರೆ ಇಳೀತಾಳೆ."

ಆ ಕಡೆಯಿಂದ ಅಮ್ಮನ ದನಿ ಕೇಳಿತು. "ಈ ಡಬ್ಬಾನ ಗುಜರಿಗೆ ಹಾಕೋ. ನಿನ್ನ ಕೈಲಿ ರಿಪೇರಿ ಆಗೋದಲ್ಲ ಇದು."

"ಹೂಂ ಅಕ್ಕ, ಹಾಕ್ತೀನಿ" ಎಂದು ಮಾವ ಬಟ್ಟೆಯೊಂದನ್ನು ತೆಗೆದುಕೊಂಡು, ಆಗಲೇ ಫಳಫಳ ಹೊಳೆಯುತ್ತಿದ್ದ ಬ್ಯಾಟರಿಯನ್ನು ನಿಧಾನವಾಗಿ ಒರೆಸತೊಡಗಿದರು.