ನಾಲ್ಕೂರಿನ ತಂತಿ ಮತ್ತು ನನ್ನ ಕಿವಿ

ಗಿಟಾರ್ ಕಲಿಸುವವನ ಬದುಕಿನಲ್ಲಿ ಪಾಠಕ್ಕಿಂತ ಫಜೀತಿಗಳೇ ಹೆಚ್ಚು. ಅದರಲ್ಲೂ ತಂತಿ ಬದಲಿಸುವ ದಿನ ಬಂತೆಂದರೆ ಒಂದಾದರೂ ಆಗಲೇಬೇಕು. ಮಂಗಳವಾರ ಮುದ್ದೇಬಿಹಾಳ, ಗುರುವಾರ ನಮ್ಮೂರು ಸಿಂದಗಿ, ಶನಿವಾರ ಇಂಡಿ, ರವಿವಾರ ಬಸವನ ಬಾಗೇವಾಡಿ, ಹೀಗೆ ವಾರಕ್ಕೆ ನಾಲ್ಕು ದಿನ ಹೆಗಲಿಗೆ ಗಿಟಾರ್ ಏರಿಸಿಕೊಂಡು ಬಸ್ಸಿನಲ್ಲಿ ತಿರುಗುವವನು ನಾನು.

ಹೊಸ ತಂತಿಗೆ ಒಂದು ಕಣಕಣ ಎನ್ನುವ ದನಿ ಇರುತ್ತದೆ. ಬೆರಳಿನ ಬೆವರು, ನಮ್ಮ ಕಡೆಯ ಧೂಳು ಕೂಡಿದರೆ ಕೆಲವೇ ವಾರದಲ್ಲಿ ಅದು ಮಂಕಾಗುತ್ತದೆ. ಆಗ ಬದಲಿಸಬೇಕು. ಕೆಲವರು ತಿಂಗಳಿಗೊಮ್ಮೆ ಬದಲಿಸುತ್ತಾರೆ, ಕೆಲವರು ಹರಿದರೆ ಮಾತ್ರ, ಇನ್ನು ಕೆಲವರು ಪಂಚಾಂಗ ನೋಡಿ. ಇವರೆಲ್ಲರನ್ನು ನೋಡಿ ನಾನು ಮನಸಾರೆ ನಕ್ಕಿದ್ದೇನೆ.

ನಕ್ಕವನಿಗೂ ಒಂದು ಗುಟ್ಟಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಿನಲ್ಲಿದ್ದಾಗ ಮದುವೆ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷ ಧ್ವನಿವರ್ಧಕದ ಪಕ್ಕದಲ್ಲೇ ಕೂತು ಬಾರಿಸಿದ್ದೆ. ಅದರ ಫಲವಾಗಿ ಈಗ ಎರಡು ವರ್ಷದಿಂದ ಸಣ್ಣ ದನಿಗಳು, ಅಂದರೆ ಆ ಕಣಕಣವೇ, ನನಗೆ ಕೇಳಿಸುವುದು ನಿಂತಿತ್ತು. ಮಾತು ಕೇಳುತ್ತಿತ್ತು, ರಾಗ ಕೇಳುತ್ತಿತ್ತು. ಶ್ರುತಿ ಕೂಡಿಸಲು ಫೋನು ಇತ್ತು. ಆದರೆ ತಂತಿ ಹೊಸದೋ ಹಳೆಯದೋ ಎಂಬುದು ಮಾತ್ರ ಕಿವಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಶಿಷ್ಯರ ತಂತಿಯ ಕೆಳಗೆ ಬೆರಳು ಓಡಿಸಿ, ಬೆರಳು ಕಪ್ಪಾದರೆ "ಇದು ಸತ್ತೈತಿ, ಬದಲ ಮಾಡ್ರಿ" ಎನ್ನುತ್ತಿದ್ದೆ. ಮಾಸ್ತರ ಪರೀಕ್ಷೆಯ ರೀತಿಯೇ ಬೇರೆ ಎಂದು ಜನ ತಲೆದೂಗುತ್ತಿದ್ದರು. ಕಿವಿ ಕೇಳದ ಮಾಸ್ತರನ ಹತ್ತಿರ ಯಾರು ಕಲಿಯಲು ಬರುತ್ತಾರೆ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಗಿಟಾರ್ ಬಿಟ್ಟರೆ ನನಗೆ ಬೇರೇನೂ ಬಾರದು.

ಶನಿವಾರದ ಕಬ್ಬಿಣ

ಇಂಡಿಯಲ್ಲಿ ಕಾಳುಕಡಿ ವ್ಯಾಪಾರಿಯೊಬ್ಬರ ಮನೆ. ಅವರ ಸೊಸೆ ನನ್ನ ಶಿಷ್ಯೆ. ಅಡುಗೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂರುವ ಜಾಣೆ. ಒಂದು ಶನಿವಾರ ಅವಳ ತಂತಿಯ ಕೆಳಗೆ ಬೆರಳು ಓಡಿಸಿದೆ, ಕಾಡಿಗೆ ಹಚ್ಚಿದಷ್ಟು ಕಪ್ಪಾಯಿತು. ಹಳೆಯ ಆರನ್ನೂ ಕತ್ತರಿಸಿ ತೆಗೆದು, ಚೀಲದಿಂದ ಹೊಸ ತಂತಿಯ ಪಾಕೀಟು ತೆಗೆದೆ. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ಅಲ್ಲಿಂದಲೇ ಕೂಗಿದರು.

"ಅದು ಕಬ್ಬಿಣದ್ದೇನ್ರಿ? ಶನಿವಾರ ಕಬ್ಬಿಣ ಮನಿಗೆ ತರಬಾರದು."

ನನಗೆ ಇಂಡಿಗೆ ಬರಲು ಸಾಧ್ಯವಿರುವುದೇ ಶನಿವಾರ. "ಅಜ್ಜಿ, ಇದು ಕಂಚಿಂದು" ಎಂದೆ. ಅದು ಅರ್ಧ ನಿಜ. ಆರರಲ್ಲಿ ದಪ್ಪನೆಯ ನಾಲ್ಕಕ್ಕೆ ಮೇಲೆ ಕಂಚಿನ ಸುತ್ತು ಇರುತ್ತದೆ, ಸಣ್ಣವೆರಡು ಬರೀ ಉಕ್ಕು. ಅಜ್ಜಿಯ ಮಗ, ಅಂದರೆ ವ್ಯಾಪಾರಿ, ಎಲ್ಲವನ್ನೂ ಪರೀಕ್ಷಿಸಿ ಕೊಳ್ಳುವ ಮನುಷ್ಯ. ಎಲ್ಲಿಂದಲೋ ಒಂದು ಅಯಸ್ಕಾಂತ ತಂದು ಹಿಡಿದರು. ಕಂಚಿನ ತಂತಿಯೂ ಟಪ್ಪನೆ ಅಂಟಿಕೊಂಡಿತು.

"ಅವ್ವಾ, ಒಳಗ ಕಬ್ಬಿಣನ ಐತಿ."

ಅಜ್ಜಿ ತಂತಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ತೀರ್ಪು ಕೊಟ್ಟರು: "ಇರಲಿ ಬಿಡು, ಶನಿದೇವರು ಸೀಳಿ ನೋಡಂಗಿಲ್ಲ. ಈ ನಾಕು ನಡೀತಾವು. ಆ ಎರಡು ಬ್ಯಾಡ."

ಹಾಗಾಗಿ ಆ ದಿನ ನಾಲ್ಕೇ ತಂತಿಯಲ್ಲಿ ಪಾಠ. ಹೊರಡುವಾಗ ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಪ್ರತಿ ಶನಿವಾರ ನಾ ಗಿಟಾರ್ ತೊಗೊಂಡು ನಿಮ್ಮ ಮನಿಗೆ ಬರ್ತೇನಿ. ಅದಕ್ಕೂ ಉಕ್ಕಿನ ತಂತಿ ಅದಾವಲ್ಲ?"

"ಅದನ್ನ ನೀವು ತಿರುಗಿ ಒಯ್ತೀರಲ್ಲಪಾ" ಎಂದರು ಅಜ್ಜಿ. "ಒಂದಿನಾ ಇಲ್ಲೇ ಬಿಟ್ಟ ಹೋಗಿ ನೋಡ್ರಿ, ಹೇಳ್ತೇನಿ."

ಮೊದಲು ಕಟಿಂಗ್

ಸಿಂದಗಿಯ ನಮ್ಮ ಟೇಲರ್ ಚಾಚಾ ಮೂರು ತಲೆಮಾರಿನಿಂದ ಅದೇ ಓಣಿಯಲ್ಲಿ ಹೊಲಿಯುವವರು. ಗಿರಾಕಿ ಇಲ್ಲದಾಗ ಗಿಟಾರ್ ಹಿಡಿಯುತ್ತಾರೆ. ಒಮ್ಮೆ ತಂತಿ ಕೊಟ್ಟು, "ಹಾಕ್ಕೋರಿ ಚಾಚಾ, ಗುರುವಾರ ಬರ್ತೇನಿ" ಎಂದು ಹೇಳಿದ್ದೆ. ಗುರುವಾರ ಹೋದರೆ ಚಾಚಾ ಮುಖ ಬಾಡಿಸಿಕೊಂಡು ಕೂತಿದ್ದಾರೆ. ಮೇಜಿನ ಮೇಲೆ ಆರು ಹೊಸ ತಂತಿ, ಒಂದೊಂದೂ ಗೇಣುದ್ದ ಕಡಿಮೆ.

ನಡೆದದ್ದಿಷ್ಟು. ಚಾಚಾ ಕೊರಳಲ್ಲಿದ್ದ ಟೇಪು ತೆಗೆದು ಗಿಟಾರಿನ ಬುಡದಿಂದ ಬಿರಡೆಯವರೆಗೆ ಅಳತೆ ಹಿಡಿದಿದ್ದಾರೆ. ಸೀಮೆಸುಣ್ಣದಿಂದ ಗುರುತು ಹಾಕಿ, ಆರನ್ನೂ ಕಟ್ ಮಾಡಿದ್ದಾರೆ. ಒಂದನ್ನು ಹಾಕಿ ನೋಡಿ ಆಮೇಲೆ ಇನ್ನೊಂದು ಎನ್ನುವುದು ಅವರ ಕಸುಬಿನಲ್ಲಿ ಇಲ್ಲ. ಮೊದಲು ಎಲ್ಲ ಕಟಿಂಗ್, ಆಮೇಲೆ ಹೊಲಿಗೆ. ಬಿರಡೆಗೆ ಎರಡು ಮೂರು ಸುತ್ತು ಹಾಕಲು ತಂತಿ ಉಳಿಯಬೇಕಲ್ಲ, ಅದು ಉಳಿದೇ ಇಲ್ಲ. ಪಾಪ, ಹಳೆಯ ತಂತಿಗಳನ್ನೇ ತಿರುಗಿ ಏರಿಸಿದ್ದರು.

"ಅಲ್ರೀ ಚಾಚಾ, ಪ್ಯಾಂಟ್ ಹೊಲಿವಾಗ ಕೆಳಗ ನಾಕು ಬೆರಳು ಬಟ್ಟಿ ಬಿಡ್ತೀರಲ್ಲ?"

"ಹುಡುಗ್ರು ಬೆಳೀತಾರಂತ ಬಿಡ್ತೇವ್ರಿ" ಎಂದರು ಚಾಚಾ ಕಳಕಳಿಯಿಂದ. "ಗಿಟಾರ್ ಬೆಳೀತೈತೇನು?"

ಮುಂದಿನ ಗುರುವಾರದೊಳಗೆ ಇನ್ನೊಂದು ಪಾಕೀಟು ಕಳಿಸಿಕೊಟ್ಟಿದ್ದೆ. ನಾನು ಹೋದಾಗ ಚಾಚಾ ಗಿಟಾರ್ ಎತ್ತಿಕೊಂಡು ಒಮ್ಮೆ ಜೋರಾಗಿ ಮೀಟಿದರು. ನನಗೆ ದನಿಯ ವ್ಯತ್ಯಾಸ ಗೊತ್ತಾಗದು, ಹೀಗಾಗಿ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮುಖ ಹೂವಿನಂತೆ ಅರಳಿತು. ನಾನೂ ತಡಮಾಡದೆ ಕಣ್ಣು ಮುಚ್ಚಿ, "ಆಹಾ! ಹೊಸಾ ತಂತಿ ಅಂದ್ರ ಇದು ನೋಡ್ರಿ!" ಎಂದೆ.

"ಹೊಸಾವು ಇನ್ನೂ ಪಾಕೀಟದಾಗ ಅದಾವ್ರಿ ಮಾಸ್ತರ" ಎಂದರು ಚಾಚಾ. ಅವರ ಮುಖ ಅರಳಿದ್ದು ನನ್ನ ಬೆನ್ನ ಹಿಂದೆ ಮದುವೆ ಬಟ್ಟೆಯ ಗಂಟು ಹೊತ್ತು ಬಂದು ನಿಂತಿದ್ದ ಗಿರಾಕಿಯನ್ನು ನೋಡಿ.

"ಅದನ್ನ ಹೇಳಾಕತ್ತೇನ್ರಿ" ಎಂದು ಸಾವರಿಸಿಕೊಂಡೆ. "ಹಳೇವ ಹಿಂಗ ನುಡದ್ರ ಹೊಸಾವು ಹ್ಯಾಂಗ ನುಡದಾವು!" ಚಾಚಾ ಆ ಮಾತನ್ನು ವಾರವಿಡೀ ಗಿರಾಕಿಗಳಿಗೆಲ್ಲ ಹೇಳಿದರಂತೆ.

ಟ್ರ್ಯಾಕ್ಟರಿನ ಪಕ್ಕದಲ್ಲಿ

ಮುದ್ದೇಬಿಹಾಳದ ಹತ್ತಿರ ಒಂದು ತೋಟದ ಮನೆ. ಕಾಲುವೆ ನೀರು, ಕಬ್ಬು, ಹೊಸ ಟ್ರ್ಯಾಕ್ಟರು. ಮಗಳು ಕಾಲೇಜು ಓದುತ್ತ ಗಿಟಾರ್ ಕಲಿಯುತ್ತಿದ್ದಳು. ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಅವಳಿಂದ ಫೋನು, ಅಳುವೇ ಮಾತಾಗಿತ್ತು. ಮಂಗಳವಾರ ಹೋಗಿ ನೋಡಿದರೆ ಗಿಟಾರು ಬಟ್ಟೆ ಒಣಹಾಕುವ ಹಗ್ಗಕ್ಕೆ ತಲೆಕೆಳಗಾಗಿ ಜೋತಾಡುತ್ತಿದೆ.

"ಟ್ರ್ಯಾಕ್ಟರ್ ತೊಳದ್ನಿ, ನೇಗಲಾ ತೊಳದ್ನಿ" ಎಂದರು ಅವಳ ಅಪ್ಪ. "ಇದೂ ವರ್ಷಪೂರ್ತಿ ದುಡದೈತಿ, ಇದನ್ನೊಂದ ಯಾಕ ಬಿಡೂದಂತ ಪೈಪ್ ಹಿಡದ್ನಿ. ಒಳಗಿನ ಕಸಾ ಎಲ್ಲಾ ಬಂತ್ರಿ."

ಗಿಟಾರಿನ ಹೊಟ್ಟೆಗೂ ನೀರು ಬಿಟ್ಟಿದ್ದರು. ಮೇಲೆ ವಿಭೂತಿ ಮೂರು ಸಾಲು, ಕುಂಕುಮ, ಚೆಂಡು ಹೂವಿನ ಹಾರ. ಟ್ರ್ಯಾಕ್ಟರಿನ ಗಾಲಿಗೆ ನಿಂಬೆಹಣ್ಣು ಇಟ್ಟಂತೆ ಇದರ ಬುಡಕ್ಕೂ ಒಂದು ಇಟ್ಟಿದ್ದರಂತೆ. ಎರಡು ದಿನದಲ್ಲಿ ತಂತಿಗೆ ತುಕ್ಕು ಹಿಡಿದಿದ್ದು ಕಂಡು, ಮಗಳು ಮತ್ತೆ ಬೈದಾಳು ಎಂದು ಹೆದರಿ, ಗ್ರೀಸು ಹಚ್ಚಿಬಿಟ್ಟಿದ್ದರು. ಅಂದು ಆ ಹುಡುಗಿಯ ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ ಎಷ್ಟು ಸಲೀಸಾಗಿ ಜಾರಿತೆಂದರೆ, ನಾನು ಆರು ತಿಂಗಳು ಹೇಳಿಕೊಟ್ಟರೂ ಬಾರದ ಪಾಠ ಅದು.

ನಗುತ್ತಲೇ ಹೊಸ ತಂತಿ ಏರಿಸಿದೆ. ಅವಳು ಮೀಟಿ, "ಸರ್ರ, ಎಲ್ಲೋ ಚಿರ್ ಚಿರ್ ಅಂತೈತ್ರಿ" ಎಂದಳು. ನೀರು ಕುಡಿದ ಮರ ಎಲ್ಲೋ ಬಿಟ್ಟುಕೊಂಡಿರಬೇಕು. ನನಗೆ ಏನೂ ಕೇಳಿಸಲಿಲ್ಲ. "ಏನಿಲ್ಲ, ನಿನ್ನ ಭ್ರಮಾ" ಎಂದೆ.

ಅಪ್ಪ ಹಾರದ ಹೂವು ಕೀಳುತ್ತ ನಿಂತಿದ್ದರು. ನಡುವೆ ಬಾಯಿ ಹಾಕಿದರು: "ಹತ್ತು ವರ್ಷ ಟ್ರ್ಯಾಕ್ಟರಿನ ಗದ್ದಲದಾಗ ಕುಂತ ನನಗ ಕೇಳಾಕತ್ತೈತಿ. ನಿಮಗ ಕೇಳಂಗಿಲ್ಲೇನ್ರಿ ಮಾಸ್ತರ?"

ಅವರು ಕೊಂಕು ಮಾತನಾಡಿದ್ದಲ್ಲ, ನಿಜವಾಗಿಯೂ ಆಶ್ಚರ್ಯದಿಂದ ಕೇಳಿದ್ದರು. ಬಸ್ಸಿನಲ್ಲಿ ಸಿಂದಗಿ ಬರುವವರೆಗೂ ಅದೊಂದೇ ಮಾತು ತಲೆಯಲ್ಲಿ ತಿರುಗಿತು. ಕಿವಿ ಹೋಗಿದ್ದಕ್ಕಿಂತ, ಆ ಹುಡುಗಿಗೆ ಸರಿಯಾಗಿ ಕೇಳಿಸಿದ್ದನ್ನು ಭ್ರಮೆ ಎಂದೆನಲ್ಲ, ಅದಕ್ಕೆ ನನಗೆ ನಾಚಿಕೆಯಾಯಿತು. ಮರುವಾರ ಅವಳ ಮುಂದೆ ತಪ್ಪೊಪ್ಪಿಕೊಂಡೆ. ಅದಕ್ಕೂ ಮೊದಲು ವಿಜಯಪುರದ ಬಸ್ಸು ಹತ್ತಿದೆ.

ಕಿವಿ ಡಾಕ್ಟರು

"ಯಾವಾಗಿಂದ ಕೇಳಿಸಂಗಿಲ್ಲ?" ಎಂದರು ಡಾಕ್ಟರು.

"ಕೇಳಿಸದೇ ಇದ್ದದ್ದು ಗೊತ್ತಾಗೂದು ಹ್ಯಾಂಗ್ರೀ ಸಾಹೇಬ್ರ?" ಎಂದೆ. ನಾನು ಜಾಣತನಕ್ಕೆ ಹೇಳಿದ್ದಲ್ಲ. ದನಿ ಒಂದೇ ದಿನ ಹೋಗಿದ್ದರೆ ಗಾಬರಿ ಬೀಳುತ್ತಿದ್ದೆ. ಅದು ದಿನಕ್ಕಿಷ್ಟು ಹೋಗಿತ್ತು, ನಾನು ದಿನಕ್ಕಿಷ್ಟು ಒಗ್ಗಿಕೊಂಡಿದ್ದೆ.

ಕಿವಿಯ ಹಿಂದೆ ಸಣ್ಣ ಮಷೀನು ಕೂತಿತು. ಹೊರಗೆ ಬಂದರೆ ನನ್ನ ಚಪ್ಪಲಿಗೂ ಸದ್ದಿದೆ! ಬಸ್ಸಿನ ಕಿಟಕಿಗಳಂತೂ ಸಿಂದಗಿಯವರೆಗೆ ಗಡಗಡ ಎಂದವು. ಮನೆಯೊಳಗೆ ಕಾಲಿಟ್ಟಾಗ ಹೆಂಡತಿಯ ಬಳೆಯ ಸಪ್ಪಳ ಕೇಳಿಸಿತು. ಎಷ್ಟೋ ದಿನದ ಮೇಲೆ ಕೇಳುತ್ತಿದ್ದೆ.

ಅವಳು ಮಷೀನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. "ಹಂಗಾದ್ರ ಇಷ್ಟ ದಿನಾ ನಾ ಒಳಗಿಂದ ಕೂಗಿದ್ದು ಕೇಳತಿದ್ದಿಲ್ಲೇನು?"

"ಅದೇನೋ ಕೇಳತಿತ್ತು" ಎಂದುಬಿಟ್ಟೆ. ಆ ಸಂಜೆ ಚಹಾ ನಾನೇ ಮಾಡಿಕೊಂಡೆ.

ಬಾಗೇವಾಡಿಯ ರವಿವಾರ

ಬಾಗೇವಾಡಿಯ ಪಾಠ ನಡೆಯುವುದು ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರ ಪಡಸಾಲೆಯಲ್ಲಿ. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತದೆ. ಅವರೂ ಸೇರಿ ಏಳು ಶಿಷ್ಯರು, ಎಲ್ಲರೂ ದೊಡ್ಡವರೇ. ನಾಲ್ಕೂರಿನಲ್ಲಿ ನನ್ನ ದೊಡ್ಡ ಕ್ಲಾಸು ಇದೇ. ಇದು ಮುಚ್ಚಿದರೆ ಉಳಿದ ಮೂರರಿಂದ ನನ್ನ ಮನೆ ನಡೆಯದು.

ಹೋಗುತ್ತಲೇ ಹೇಳಿಬಿಟ್ಟೆ. "ನೋಡ್ರಿ, ಎರಡು ವರ್ಷದಿಂದ ನನಗ ಸಣ್ಣ ದನಿ ಕೇಳತಿರಲಿಲ್ಲ. ಮುಚ್ಚಿಟ್ಟಿದ್ದೆ, ತಪ್ಪಾತು. ಈಗ ಮಷೀನ್ ಹಾಕ್ಕೊಂಡೇನಿ. ಬ್ಯಾರೆ ಮಾಸ್ತರನ ಹುಡುಕ್ತೇವಿ ಅಂದ್ರ ನನಗ ಸಿಟ್ಟಿಲ್ಲ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬ್ಯಾಂಕಿನ ಕ್ಯಾಶಿಯರ್ ನೆಲ ನೋಡುತ್ತ ಕೂತರು. ನನ್ನ ಕ್ಲಾಸು ಮುಗಿಯಿತು ಎಂದುಕೊಂಡೆ. ಕೈ ಸುಮ್ಮನಿರಲಾರದೆ ನನ್ನ ಗಿಟಾರಿನ ಮೇಲೆ ಒಮ್ಮೆ ಆಡಿತು.

ಬದ್!

ನೆನೆದ ಹಲಗೆ ಬಡಿದಂಥ ದನಿ. ಮಷೀನು ಕೆಟ್ಟಿತೇ? ಪಕ್ಕದಲ್ಲಿದ್ದ ಅಕ್ಕೋರ ಗಿಟಾರು ತೆಗೆದುಕೊಂಡು ಮೀಟಿದೆ. ಅದೂ ಬದ್. ಕ್ಯಾಶಿಯರ್‌ದು ಬದ್. ಏಳಕ್ಕೆ ಏಳೂ ಬದ್ ಬದ್. ಅಷ್ಟರಲ್ಲಿ ಒಳಗೆ ಯಾರೋ ಚಮಚ ಬೀಳಿಸಿದರು, ಅದು ಮಾತ್ರ ಠಣ್ ಎಂದು ಸ್ಪಷ್ಟವಾಗಿ ಕೇಳಿಸಿತು. ಮಷೀನು ಸರಿಯಾಗಿಯೇ ಇತ್ತು.

ಜೀವನದಲ್ಲಿ ಮೊದಲ ಸಲ ನನ್ನದೇ ತಂತಿಯ ಕೆಳಗೆ ಬೆರಳು ಓಡಿಸಿದೆ. ಬೆರಳು ಕಪ್ಪಾಯಿತು, ಒಂದು ಕಡೆ ಸುಲಿಯಿತು ಕೂಡ. ಯಾವಾಗ ಬದಲಿಸಿದ್ದೆ? ಮೊದಲೆಲ್ಲ ತಂತಿ ಮಂಕಾಯಿತು ಎಂದು ಕಿವಿ ಹೇಳುತ್ತಿತ್ತು, ಬದಲಿಸುತ್ತಿದ್ದೆ. ಕಿವಿ ಹೇಳುವುದು ನಿಂತಿತು, ನಾನೂ ನಿಲ್ಲಿಸಿದ್ದೆ. ನಾಲ್ಕು ತಾಲೂಕಿನ ತಂತಿ ಬದಲಿಸಿಕೊಂಡು ತಿರುಗಿದವನ ಹೆಗಲ ಮೇಲಿದ್ದದ್ದೇ ಅವುಗಳಲ್ಲೆಲ್ಲ ಅತಿ ಕೆಟ್ಟ ತಂತಿ.

"ನಂದೇನೋ ಹಳೇದು, ಸರಿ" ಎಂದೆ. "ನಿಮ್ಮ ತಂತಿ ಹೋದ ತಿಂಗಳ ನಾನ ಹಾಕೇನಲ್ಲ, ಅವಕ್ಕೇನಾತು?"

ಕೊನೆಗೆ ಅಕ್ಕೋರು ಕೆಮ್ಮಿದರು. ಮೂವತ್ತೈದು ವರ್ಷ ಮಕ್ಕಳ ತಪ್ಪು ಹಿಡಿದವರು, ಈಗ ತಾವೇ ತಪ್ಪು ಮಾಡಿದ ಮಗುವಿನಂತೆ ಕೂತಿದ್ದರು.

"ಸಿಟ್ಟಾಗಬ್ಯಾಡ್ರಿ ಮಾಸ್ತರ. ನೀವು ಹೊಸಾ ತಂತಿ ಹಾಕಿ ಹೋದ್ರಿ, ಅದು ಕಣಕಣ ಅಂತಿತ್ತು. ನಿಮ್ಮಂಗ ಬರತಿರಲಿಲ್ಲ. ನಾವೇನೋ ತಪ್ಪ ಬಾರಸಾಕತ್ತೇವಿ ಅಂತ ತಿಳಕೊಂಡ್ವಿ. ದಿನಾ ಪ್ರ್ಯಾಕ್ಟೀಸ್ ಮಾಡಿದ್ವಿ, ಆಗಲಿಲ್ಲ. ಕಡೀಕ ನಾ ಸ್ವಲ್ಪ ಕೊಬ್ಬರಿ ಎಣ್ಣಿ ಸವರಿದ್ನಿ. ತಾಬಡತೋಬ ನಿಮ್ಮಂಗ ಬಂತು!"

"ನಾ ಮೇಣಬತ್ತಿ ತಿಕ್ಕೇನ್ರಿ" ಎಂದರು ಕ್ಯಾಶಿಯರ್. ಇನ್ನೊಬ್ಬರು ತಂತಿಯ ಕೆಳಗೆ ಮಡಚಿಟ್ಟಿದ್ದ ಕರವಸ್ತ್ರವನ್ನು ಮೆಲ್ಲಗೆ ಎಳೆದು ಜೇಬಿಗೆ ಹಾಕಿಕೊಂಡರು. ಬಾಗೇವಾಡಿಯ ತಂತಿಗಳಿಗೆ ಬೆರಳು ಹಚ್ಚಿದಾಗಲೆಲ್ಲ ಜಿಡ್ಡು ತಾಗುತ್ತಿತ್ತು. ನಾನು ಅದನ್ನು ಪಾಠದ ನಡುವೆ ತಿನ್ನುವ ಮಿರ್ಚಿ ಭಜಿಯ ಮೇಲೆ ಹಾಕಿದ್ದೆ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಕಿವುಡನ್ನು ಇವರು ನನ್ನ ವಿದ್ಯೆ ಎಂದು ತಿಳಿದು, ಎಣ್ಣೆ ಹಚ್ಚಿ ಕಲಿತಿದ್ದರು. ಅಷ್ಟು ಪ್ರೀತಿಗೆ ನಾನು ತಕ್ಕವನೇ ಎಂದು ಕಸಿವಿಸಿಯಾಯಿತು. ಏನೂ ಹೇಳದೆ ಚೀಲದಿಂದ ಪಾಕೀಟು ತೆಗೆದು, ಅವರ ಎದುರಿಗೇ ನನ್ನ ಆರೂ ತಂತಿ ಬದಲಿಸಿದೆ. ಮೆಲ್ಲಗೆ ಬಾರಿಸಿದೆ. ಎರಡು ವರ್ಷದ ಮೇಲೆ ಆ ಕಣಕಣ ನನ್ನ ಕಿವಿಗೆ ಬಿತ್ತು. ಕಣ್ಣು ತುಂಬಿ ಬಂದು ಎದುರಿನವರು ಮಸುಕಾದರು. ಮುಗಿಸಿ ತಲೆ ಎತ್ತಿದೆ. ಎಲ್ಲರೂ ಅಕ್ಕೋರ ಕಡೆ ನೋಡುತ್ತಿದ್ದರು.

ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದರು. ಬಾಗಿ, ಹೊಸ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಭಾಳ ಚಂದ ಐತ್ರಿ ಮಾಸ್ತರ" ಎಂದರು. "ಇನ್ನ ಚಿಂತಿ ಮಾಡಬ್ಯಾಡ್ರಿ. ಎಣ್ಣಿ ನಾನ ಕೊಡ್ತೇನಿ, ಎಂಟು ದಿನದಾಗ ಮೊದಲಿನಂಗ ಆಗ್ತೈತಿ."