ಒಡೆಯದ ಥರ್ಮಾಸು

ಔದಾರ್ಯದ ಬಗ್ಗೆ ಮಾತಾಡುವುದರಲ್ಲಿ ನನ್ನನ್ನು ಮೀರಿಸುವವರು ಆ ಕಾಲಕ್ಕೆ ಧಾರವಾಡದಲ್ಲಿ ಯಾರೂ ಇರಲಿಲ್ಲ. ಜಂಬದಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಬೇರೆಯವರ ಏಣಿ, ಬೇರೆಯವರ ಶಾವಿಗೆ ಮಣೆ, ಬೇರೆಯವರ ಕೊಡೆ, ಇವುಗಳ ವಿಷಯದಲ್ಲಿ ನನ್ನ ಹೃದಯ ಬಹಳ ವಿಶಾಲ. ನನ್ನ ಟ್ರಂಕಿನ ಹತ್ತಿರ ಬಂದಾಗ ಮಾತ್ರ ಅದಕ್ಕೆ ಸ್ವಲ್ಪ ಉಬ್ಬಸ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಚರ್ಚಿನ ಹಿಂದಿನ ನಮ್ಮ ಓಣಿಯಲ್ಲಿ ಹಂಚಿನ ಮನೆಗಳು ಆರು, ಆರೂ ನಮ್ಮ ಸಭೆಯವರವೇ. ಒಂದು ಭಾನುವಾರ ಸಭೆಯ ಪಾದ್ರಿ ಅಯ್ಯನವರು ಯೆರೂಸಲೇಮಿನ ಮೊದಲ ಕ್ರೈಸ್ತರ ಬಗ್ಗೆ ಪ್ರಸಂಗ ಮಾಡಿದರು. ಅವರಲ್ಲಿ 'ಇದು ನನ್ನದು' ಎನ್ನುವ ಮಾತೇ ಇರಲಿಲ್ಲವಂತೆ. ಇದ್ದವರು ಹೊಲ ಮನೆ ಮಾರಿ ತಂದು ಎಲ್ಲರ ಮುಂದೆ ಇಡುತ್ತಿದ್ದರಂತೆ. ಯಾರ ಮನೆಯ ಒಲೆಯೂ ಆರುತ್ತಿರಲಿಲ್ಲವಂತೆ. ಕೇಳುತ್ತಾ ನನಗೆ ಕಣ್ಣೀರೇ ಬಂತು. ಮುಂದೆ ಅವರು ಗಂಡಹೆಂಡಿರಿಬ್ಬರ ಕಥೆಯನ್ನೂ ಹೇಳಿದರು. ಹೊಲ ಮಾರಿ, ಒಂದಷ್ಟು ಹಣ ಮನೆಯಲ್ಲಿ ಬಚ್ಚಿಟ್ಟು, ಎಲ್ಲವನ್ನೂ ಕೊಟ್ಟೆವೆಂದರಂತೆ. ಸುಳ್ಳು ಹೇಳಿದ್ದೇ ತಡ, ಅಲ್ಲೇ ಬಿದ್ದು ಸತ್ತರಂತೆ. ಆ ಭಾಗಕ್ಕೆ ನಾನು ಅಷ್ಟು ಗಮನ ಕೊಡಲಿಲ್ಲ, ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕುತ್ತಿದ್ದೆ.

ಅಂದೇ ಸಂಜೆ ಆರೂ ಮನೆಯವರನ್ನು ನಮ್ಮ ಕಟ್ಟೆಗೆ ಕರೆದೆ. "ನಮ್ಮ ಕಡೆ ಹೊಲ ಅಂತೂ ಇಲ್ಲ. ಇದ್ದ ಸಾಮಾನ ಆದ್ರೂ ಎಲ್ಲಾರದೂ ಆಗ್ಲಿ," ಎಂದು ಭಾಷಣ ಮಾಡಿದೆ. ಯಾರ ಮನೆಯಲ್ಲಿ ಏನಿದೆಯೆಂದು ಪಟ್ಟಿ ಬರೆಯಲು ಕೂತವರು ಮೂಲೆಮನೆಯ ಮನೋಹರ ಮಾಸ್ತರರು. ಪ್ರೈಮರಿ ಶಾಲೆಯ ಮಾಸ್ತರರು, ಮೆತ್ತಗಿನ ಮನುಷ್ಯ. ನನ್ನ ಸರದಿ ಬಂದಾಗ ಇಸ್ತ್ರಿ ಪೆಟ್ಟಿಗೆ ಬರೆಸಿದೆ, ಹಾರೆ ಬರೆಸಿದೆ.

"ಮತ್ತ ಆ ಮುಂಬೈ ಥರ್ಮಾಸ್ ರೀ?" ಎಂದರು ಮಾಸ್ತರರು.

ಅದು ನನ್ನ ಹೆಂಡತಿ ಸುಶೀಲಾಳ ಅಣ್ಣ ಮುಂಬೈಯಿಂದ ತಂದುಕೊಟ್ಟದ್ದು. ಹಸಿರು ಬಣ್ಣ, ಓಣಿಗೆಲ್ಲ ಅದೊಂದೇ. ಒಳಗೆ ತೆಳ್ಳನೆಯ ಗಾಜು, ಹೊರಗೆ ಆರು ಮನೆಯ ಕೈಗಳು. ನನ್ನ ಕಣ್ಣೆದುರು ಅದು ಆರು ಸಲ ಬಿದ್ದು ಒಡೆಯಿತು.

"ಅದು ಒಡದು ಹೋತ್ರಿ," ಎಂದೆ.

ಬಾಗಿಲ ಹಿಂದೆ ಸುಶೀಲಾಳ ಬಳೆ ಸದ್ದಾಗಿ ನಿಂತಿತು. "ಅಯ್ಯ ಪಾಪ, ಎಷ್ಟ ಛಲೋ ಇತ್ತು," ಎಂದು ಮಾಸ್ತರರು ನಿಜವಾಗಿಯೂ ಮರುಗಿದರು. ನಾನೇನೂ ಬಿದ್ದು ಸಾಯಲಿಲ್ಲ. ಚಹಾ ಕುಡಿದೆ.

ಒಡೆದಿದೆ ಎಂದ ಥರ್ಮಾಸನ್ನು ಮನೆಯಲ್ಲಿಟ್ಟುಕೊಂಡು ಸಂಸಾರ ಮಾಡುವುದು ಸುಲಭವಲ್ಲ. ಮೇಜಿನ ಮೇಲಿಂದ ಅದು ಟ್ರಂಕಿನೊಳಗೆ, ಮದುವೆ ಸೀರೆಯ ಕೆಳಗೆ ಹೋಯಿತು. ಮುಗದದಲ್ಲಿದ್ದ ನನ್ನ ತಂಗಿಯ ಮನೆಗೆ ಹೋಗುವಾಗ ಒಮ್ಮೆ ಚೀಲದಲ್ಲಿ ಮುಚ್ಚಿ ಒಯ್ದು, ಊರು ದಾಟಿದ ಮೇಲೆ, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಚಹಾ ಕುಡಿದೆವು. ಸುಶೀಲಾ ಅರ್ಧ ಲೋಟ ಹಾಗೇ ಚೆಲ್ಲಿದಳು.

ಆ ಮಳೆಗಾಲದಲ್ಲಿ ಮಾಸ್ತರರ ಹೆಂಡತಿ ಕಮಲಾಬಾಯಿ ಹಾಸಿಗೆ ಹಿಡಿದರು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಗಂಜಿ ಬಿಟ್ಟರೆ ಬೇರೆ ಏನೂ ಸೇರದು, ಅದೂ ಬಿಸಿಯಿದ್ದರೆ ಮಾತ್ರ. ಮಾಸ್ತರರು ದಿನಾ ಬೆಳಿಗ್ಗೆ ಗಂಜಿ ಕಾಯಿಸಿ, ತಂಬಿಗೆಗೆ ಉಣ್ಣೆಯ ಶಾಲು ಸುತ್ತಿ, ಮಗುವಿನಂತೆ ಎದೆಗೊತ್ತಿಕೊಂಡು ಬಸ್ಸು ಹತ್ತುತ್ತಿದ್ದರು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅದು ತಣ್ಣಗಾಗಿ ಕೆನೆಗಟ್ಟಿರುತ್ತಿತ್ತು.

ಒಂದು ದಿನ ಬಸ್ಸಿಗೆ ಹೋಗುತ್ತಾ ನಮ್ಮ ಬಾಗಿಲಿಗೆ ಬಂದರು. "ಆ ಒಡದ ಥರ್ಮಾಸಿನ ಹೊರಗಿನ ತಗಡಿನ ಡಬ್ಬಿ ಐತೇನ್ರಿ? ಒಳಗಿನ ಗಾಜು ಹುಬ್ಬಳ್ಳ್ಯಾಗ ಬ್ಯಾರೆ ಸಿಗತೈತಂತ. ಹಾಕಿಸ್ಕೊಂತೇನಿ."

ದೇವರು ಇದಕ್ಕಿಂತ ಸಲೀಸಾಗಿ ಯಾರಿಗೂ ಬಾಗಿಲು ತೆರೆದಿರಲಾರ. 'ನಾನೇ ಗಾಜು ಹಾಕಿಸಿಟ್ಟೇನಿ, ತಗೋರಿ' ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಒಳ್ಳೆಯ ಸುಳ್ಳು ನನಗೆ ಸಮಯಕ್ಕೆ ಹೊಳೆಯಲಿಲ್ಲ. ಹೊಳೆದದ್ದು ಕೆಟ್ಟದ್ದೇ. "ರದ್ದಿಯವ್ಗ ಕೊಟ್ಟಬಿಟ್ವಿರಿ."

"ಹೋಗ್ಲಿ ಬಿಡ್ರಿ," ಎಂದು ತಂಬಿಗೆ ಎತ್ತಿಕೊಂಡು ಹೋದರು.

ಸುಶೀಲಾ ಟ್ರಂಕಿನ ಬೀಗದ ಕೈ ತಂದು ನನ್ನ ಮುಂದೆ ಇಟ್ಟಳು. "ಲಗೂ ಓಡಿ ಹೋಗಿ ಕೊಟ್ಟ ಬರ್ರಿ. ಬಸ್ಸು ಇನ್ನೂ ಬಿಟ್ಟಿರೂದಿಲ್ಲ."

"ಏನಂತ ಹೇಳಿ ಕೊಡ್ಲಿ?"

"ಕಳ್ಳ ಇದ್ದೇನಿ ಅಂತ ಹೇಳ್ರಿ."

ಭಾನುವಾರ ಹುಬ್ಬಳ್ಳಿಗೆ ಹೋಗಿ, ಬಂದು, ಇದನ್ನೇ ಹೊಸದು ತಂದೆನೆಂದು ಹೇಳಿ ಕೊಟ್ಟುಬಿಡೋಣವೆಂದು ಸಮಾಧಾನ ಮಾಡಿಕೊಂಡೆ. ಶುಕ್ರವಾರವೇ ಕಮಲಾಬಾಯಿ ತೀರಿಕೊಂಡರು. ಥರ್ಮಾಸ್ ಕೊಟ್ಟಿದ್ದರೆ ಬದುಕುತ್ತಿದ್ದರೆಂದು ಯಾವ ಡಾಕ್ಟರರೂ ಹೇಳಲಾರರು. ಆದರೆ ಕೊಟ್ಟಿದ್ದರೆ ಇದ್ದಷ್ಟು ದಿನವಾದರೂ ಬಿಸಿ ಗಂಜಿ ಕುಡಿಯುತ್ತಿದ್ದರು. ಇದನ್ನು ಹೇಳಲು ಡಾಕ್ಟರರು ಬೇಕಿಲ್ಲ. ಅಯ್ಯನವರ ಕಥೆಯಲ್ಲಿ ಸುಳ್ಳು ಹೇಳಿದವನೇ ಸತ್ತಿದ್ದ. ನಾನು ಗಟ್ಟಿಮುಟ್ಟಾಗಿದ್ದೆ, ಶವದ ಪೆಟ್ಟಿಗೆಗೆ ಹೆಗಲನ್ನೂ ಕೊಟ್ಟೆ.

ಎಂಟು ದಿನದ ಮೇಲೆ ಮಾಸ್ತರರು ಬಂದರು. ಕೈಯಲ್ಲಿ ಹಸಿರು ಥರ್ಮಾಸು.

"ಆಕಿ ಹೋಗೂ ಹಿಂದಿನ ದಿನ ಹುಬ್ಬಳ್ಳ್ಯಾಗ ಹೊಸಾದು ಸಿಕ್ತರಿ. ಎರಡ ಗುಟುಕು ಬಿಸೀದು ಕುಡದು, 'ಹಾಯ್ ಅನಸ್ತು' ಅಂದ್ಲು. ಇನ್ನ ನನಗ ಇದು ಯಾಕ್ರಿ? ಎಲ್ಲಾರದೂ ಆಗ್ಲಿ ಅಂತ ಮೊದ್ಲ ಅಂದಾವ್ರು ನೀವು. ನಿಮ್ಮ ಮನ್ಯಾಗ ಇರ್ಲಿ, ಬೇಕಾದಾವ್ರು ಒಯ್ತಾರ. ನಿಮ್ಮದೂ ಒಡದು ಹೋಗೇತಲ್ಲ."

ಎರಡೂ ಕೈ ಚಾಚಿ ಇಸಿದುಕೊಂಡೆ. ನಿಜ ಹೇಳಿಬಿಡಬೇಕೆಂದು ಗಂಟಲವರೆಗೆ ಬಂತು. ಅವರು ತಮ್ಮ ಮನೆಯ ಬಾಗಿಲು ಮುಟ್ಟುವವರೆಗೂ ಅದು ಗಂಟಲಲ್ಲೇ ಇತ್ತು. ಆಮೇಲೆ ಒಳಗೆ ತಿರುಗಿ ಹೆಂಡತಿಗೆ ಹೇಳಿದೆ: "ಬಣ್ಣಾನೂ ಅದೇ ಐತಿ ನೋಡು. ಇನ್ನ ಮ್ಯಾಲೆ ನಮ್ಮದನ್ನ ಧೈರ್ಯಾದಿಂದ ಹೊರಗ ತಗೀಬಹುದು."