ಎಲ್ಲರ ಕೈಗೂ ಭೂತಗನ್ನಡಿ

ಸಮಾನತೆಯನ್ನು ಕಾಗದದ ಮೇಲೆ ಬರೆದರೆ ಯಾರದೂ ತಕರಾರಿಲ್ಲ. ತರಗತಿಯೊಳಗೆ ತಂದ ಕೂಡಲೇ ಈ ಕೆಳಗಿನಂಥವು ನಡೆಯುತ್ತಲೇ ಇರುತ್ತವೆ. ಎಪ್ಪತ್ತರ ದಶಕದ ಕೊನೆಗೆ ನಾನು ನ್ಯಾಮತಿಯಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಬಿಟ್ಟೆ. ಹಿಂದಿನ ಸಾಲಿನ ಮಗುವಿಗೂ ದಕ್ಕುವಂಥ ಪಾಠ ರೂಪಿಸಿ, ಶಿಕ್ಷಕರಿಗೆ ಕಲಿಸುವ ಕೆಲಸ ಹಿಡಿದೆ. ಶಾಲೆಗೊಂದು ಪೆಟ್ಟಿಗೆ, ಅದರಲ್ಲಿ ನಾಲ್ಕಾರು ಭೂತಗನ್ನಡಿ, ಜೊತೆಗೆ ನಾನು ಬರೆದ ಕೈಪಿಡಿ. ನನ್ನ ಹಟ ಒಂದೇ: ಪ್ರತಿ ಮಗುವೂ ಭೂತಗನ್ನಡಿಯನ್ನು ತನ್ನ ಕೈಯಲ್ಲೇ ಹಿಡಿಯಬೇಕು. ಇದೇನು ರಾಜ್ಯ ಕೇಳಿದಂತಾಯಿತೇ?

೧. ಬೀರುವಿನೊಳಗಿನ ವಿಜ್ಞಾನ

ಚನ್ನಗಿರಿ ಕಡೆಯ ಶಾಲೆಯೊಂದರಲ್ಲಿ ಪೆಟ್ಟಿಗೆ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಭದ್ರವಾಗಿತ್ತು.

“ಮಕ್ಕಳ ಕೈಗೆ ಕೊಡಲಿಲ್ವೇನ್ರೀ?” ಎಂದೆ.

“ಕೊಟ್ರೆ ಒಡೀತಾರೆ ಸಾರ್. ಕಲಿಯಾಕೆ ಪುಸ್ತಕ ಐತಲ್ಲ,” ಎಂದರು ಹೆಡ್‌ಮಾಸ್ಟರು.

ಬೀಗ ತೆಗೆಸಿದೆ. ಒಂದೊಂದು ಗಾಜಿಗೂ ಮೂರೆಳೆ ವಿಭೂತಿ, ನಡುವೆ ಕುಂಕುಮ.

“ಇದೇನು?”

“ಆಯುಧಪೂಜೆ ಸಾರ್. ಒಂದು ವರ್ಷಾನೂ ತಪ್ಪಿಸಿಲ್ಲ!”

೨. ಸಮಪಾಲು

ಹೊನ್ನಾಳಿ ಹತ್ತಿರದ ಮೇಷ್ಟ್ರೊಬ್ಬರು ತರಬೇತಿಯಲ್ಲಿ ನಾನು ಅಂದದ್ದಕ್ಕೆಲ್ಲ ತಲೆಯಾಡಿಸಿದ್ದರು. ಅವರ ಶಾಲೆಗೆ ಹೋಗಿ ನೋಡಿದರೆ, ಪಟೇಲರ ಮಗ ಭೂತಗನ್ನಡಿಯಲ್ಲಿ ಇರುವೆ ನೋಡುತ್ತಿದ್ದಾನೆ. ಉಳಿದ ಹುಡುಗರು ಪಟೇಲರ ಮಗನನ್ನು ನೋಡುತ್ತಿದ್ದಾರೆ. ಹುಡುಗಿಯರು ನನಗೆ ಕಾಫಿ ಕೊಡಲು ಲೋಟ ತೊಳೆಯುತ್ತಿದ್ದಾರೆ.

“ಇದೇನ್ ಮೇಷ್ಟ್ರೇ?”

“ಎಲ್ಲಾರ್ಗೂ ಕೆಲಸ ಇರಬೇಕು ಅಂದಿದ್ರಿ. ಒಬ್ರೂ ಸುಮ್ನೆ ಕುಂತಿಲ್ಲ, ನೋಡ್ರಿ!”

೩. ಕೈಪಿಡಿ ಓದಿದ ಸಾಹೇಬರು

ನನ್ನ ಪಾಠಗಳು ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸಲು ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಜಗಳೂರಿನ ಸೊಕ್ಕೆ ಕಡೆಯ ಶಾಲೆಗೆ ಬಂದರು. ಅಂಗಳದ ಬಿಸಿಲಲ್ಲಿ ಮೇಜು, ಅದರ ಮೇಲೆ ನನ್ನ ಕೈಪಿಡಿ ತೆರೆದಿತ್ತು. ಸಾಹೇಬರು ಅದರತ್ತ ಕಣ್ಣೂ ಹಾಯಿಸದೆ ನೆರಳಲ್ಲಿ ಕೂತು ಚಹಾ ಹೀರಿದರು.

ಮಕ್ಕಳನ್ನೂ ಅಂಗಳದಲ್ಲೇ ಸಾಲಾಗಿ ಕೂರಿಸಿದ್ದರು; ಭೂತಗನ್ನಡಿ ಎಂದಿನಂತೆ ಮುಂದಿನ ಸಾಲಿನಲ್ಲೇ ಸುತ್ತುತ್ತಿತ್ತು. ಊರಾಚೆ ಕೇರಿಯ ಹುಡುಗಿಯೊಬ್ಬಳನ್ನು ದೂರ ಗೋಡೆಗೆ ನಿಲ್ಲಿಸಿದ್ದರು. ಯಾಕೆಂದು ಯಾರನ್ನೂ ಕೇಳಬೇಕಿರಲಿಲ್ಲ. ನಾನೇ ಒಂದು ಭೂತಗನ್ನಡಿ ಕಸಿದು ಅವಳ ಕೈಗಿಟ್ಟೆ. ಅವಳು ನೇರ ಮೇಜಿಗೆ ಬಂದು ಕೈಪಿಡಿಯ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಓದಿದಳು. ಆಮೇಲೆ ಗಾಜನ್ನು ಮೇಲೆತ್ತಿದಳು, ಬಿಸಿಲೆಲ್ಲ ಹಾಳೆಯ ಒಂದೇ ಚುಕ್ಕೆಗೆ ಬಿತ್ತು. ಹೊಗೆ ಎದ್ದಿತು.

“ಏಯ್! ಅದನ್ನ ಮುಟ್ಟಾಕೆ ನಿಂಗ್ಯಾರೇ ಹೇಳಿದ್ದು?” ಹೆಡ್‌ಮಾಸ್ಟರು ಅರಚಿದರು.

“ಇದ್ರಾಗೇ ಬರ್ದೈತ್ರೀ ಸಾರ್, ಎಲ್ಲಾರೂ ಹಿಡೀಬೇಕು ಅಂತ.”

“ಎಲ್ಲಿ ಬರೆದಿದೆ?” ಸಾಹೇಬರು ಗದರಿದರು.

“ಬೇಗ ಬಂದು ಓದ್ರಿ ಸಾರ್, ಬೆಂಕಿ ಆ ಸಾಲಿನ ಹತ್ರಾನೇ ಬರ್ತೈತೆ!”

ಸಾಹೇಬರು ಓಡಿ ಬಂದು ಓದಿದರು. ಪಾಠಗಳು ಉಳಿದವು. ಇಲಾಖೆಯವರೊಬ್ಬರು ನನ್ನ ಕೈಪಿಡಿ ಓದಬೇಕಾದರೆ ಅದಕ್ಕೆ ಬೆಂಕಿಯೇ ಬೀಳಬೇಕಾಯಿತು.